ಅಲೆಕ್ಸಾಂಡ್ರಿಯಾಕ್ಕೆ ಮೂವತ್ತು ಕಿಲೋ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯಲ್ಲಿ ನಾವಿರುವ ಕಟ್ಟಡದಲ್ಲಿ ಯಾರೇ ರಜೆಗೆ ಊರಿಗೆ ಹೊರಟರೂ ಹಿಂದಿನ ಸಂಜೆ ನಮ್ಮ ಮನೆಯ ಬೆಲ್ ಒತ್ತುತ್ತಾರೆ. ನನ್ನನ್ನು ಕಾಣಲಿಕ್ಕಲ್ಲ. ನನ್ನ ಗಂಡನ ಹತ್ತಿರ ಲಗೇಜು ತೂಗುವ ಕೊಕ್ಕೆಯೊಂದಿದೆ. ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಮೇಲೆತ್ತಿದರೆ ಎಷ್ಟು ಕಿಲೋ ಎಂದು ತೋರಿಸುತ್ತದೆ. ಅಂಥದ್ದು ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ನಮ್ಮ ಕೊಕ್ಕೆಯ ಜೊತೆಗೆ ಇವರೂ ಬರುತ್ತಾರೆ. ಒಂದು ಕಂಪನಿಯ ಸ್ಟೋರ್ ನೋಡಿಕೊಂಡೇ ಕೂದಲು ಬೆಳ್ಳಗಾದ ಮನುಷ್ಯ, ಸಾಮಾನು ಕಂಡರೆ ಕೈ ಸುಮ್ಮನಿರುವುದಿಲ್ಲ. ಕಟ್ಟಿದ್ದನ್ನೆಲ್ಲ ಬಿಚ್ಚಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಾಲಿನ ಪುಡಿಯ ಡಬ್ಬಿ ಮೂಲೆಗೆ, ಸೋಪು ಬೂಟಿನೊಳಗೆ, ಅತ್ತರಿನ ಬಾಟಲಿ ಟವೆಲಿನ ಮಡಿಕೆಗೆ ಎಂದು ಮತ್ತೆ ತುಂಬಿ, ಹಗ್ಗ ಬಿಗಿದು, ಮೂವತ್ತಕ್ಕೆ ಮೂವತ್ತು ಮಾಡಿಕೊಟ್ಟರೇ ಇವರಿಗೆ ಸಮಾಧಾನ. ಮೂವತ್ತು ಕಿಲೋ ಬಿಡುವಾಗ ಇಪ್ಪತ್ತೆಂಟು ಹಿಡಿದುಕೊಂಡು ಹೋಗುವವರನ್ನು ಕಂಡರೆ ಇವರಿಗೆ ಹೊಟ್ಟೆ ಉರಿಯುತ್ತದೆ. ಕೆಲಸ ಮುಗಿದ ಕೂಡಲೇ ಕೊಕ್ಕೆಯನ್ನು ಕಿಸೆಗೆ ಹಾಕಿಕೊಂಡು ವಾಪಸು ಬರುತ್ತಾರೆ. ಅದನ್ನು ಯಾರ ಮನೆಯಲ್ಲೂ ಒಂದು ರಾತ್ರಿ ಬಿಟ್ಟು ಬಂದವರಲ್ಲ.

ನಾವು ಹೋಗುತ್ತಿದ್ದದ್ದಾದರೂ ಎಲ್ಲಿಗೆ? ರಜೆ ಎಂದರೆ ಊರು, ಇನ್ನೊಂದು ಊರೇ ಇಲ್ಲ. ಉಡುಪಿಯಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಹನ್ನೊಂದು ತಿಂಗಳು ಅದಕ್ಕೆ ಬೀಗ, ಒಂದು ತಿಂಗಳು ನಾವು. ಆ ಒಂದು ತಿಂಗಳು ಇವರು ಚೀಲ ಹಿಡಿದುಕೊಂಡು ನೆಂಟರಿಷ್ಟರ ಮನೆ ಸುತ್ತುತ್ತಾರೆ. ಬಾಗಿಲು ತೆಗೆದವರು ಕೇಳುವುದು ಎರಡೇ ಮಾತು: ಯಾವಾಗ ಬಂದ್ರಿ, ಯಾವಾಗ ಹೋಗುದು. ಎರಡಕ್ಕೂ ಉತ್ತರ ಹೇಳಿ, ಚೀಲದಿಂದ ಚಾಕಲೇಟೋ ನೋವಿನ ಮುಲಾಮೋ ತೆಗೆದುಕೊಟ್ಟು, ಚಾ ಕುಡಿದು ಮುಂದಿನ ಮನೆಗೆ. ನನ್ನ ಕತೆ ಬೇರೆ. ಆ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನು ಆಸೆಪಟ್ಟು ಕೊಂಡ ಸ್ಟೀಲಿನ ಪಾತ್ರೆಗಳಿವೆ, ಪೇಪರು ಸುತ್ತಿದ ಹಾಗೆಯೇ. ಒಂದು ತಿಂಗಳಿಗೆ ಯಾರು ಬಿಚ್ಚುವುದು, ಯಾರು ತೊಳೆಯುವುದು ಎಂದು ಪ್ರತಿ ಸಲವೂ ಬಿಟ್ಟು ಬಂದಿದ್ದೇನೆ. ಆ ಪಾತ್ರೆಗಳನ್ನು ಬಿಚ್ಚಿ, ನನ್ನದೇ ಅಡುಗೆಮನೆಯಲ್ಲಿ, ಯಾವ ತಾರೀಕಿಗೆ ವಾಪಸು ಎಂಬ ಯೋಚನೆಯಿಲ್ಲದೆ ಒಂದು ಅನ್ನ ಸಾರು ಮಾಡಬೇಕು ಎನ್ನುವುದು ನನ್ನ ಎಷ್ಟೋ ವರ್ಷದ ಆಸೆ.

ಈಚೆಗೆ ಅದಕ್ಕೆ ಕಾಲ ಕೂಡಿಬಂತು. ಇವರಿಗೆ ವಯಸ್ಸಾಯಿತು, ಕೆಲಸ ಮುಗಿಯುತ್ತದೆ ಎಂದು ಕಂಪನಿಯವರು ಹೇಳಿದರು. ಕೆಲಸ ಮುಗಿದರೆ ವೀಸಾ ಕ್ಯಾನ್ಸಲ್, ವೀಸಾ ಕ್ಯಾನ್ಸಲ್ ಆದರೆ ನಾವು ಹೊರಡಲೇಬೇಕು. ಅಷ್ಟರಲ್ಲಿ ಮಗಳು ಅಡ್ಡ ಬಂದಳು. ನಮಗಿರುವುದು ಅವಳೊಬ್ಬಳೇ. ಇಲ್ಲೇ ಹುಟ್ಟಿ ಬೆಳೆದವಳು, ದುಬೈಯಲ್ಲಿ ಕೆಲಸ, ಅಲ್ಲೇ ಫ್ಲ್ಯಾಟು. ನಮ್ಮಿಬ್ಬರನ್ನೂ ತನ್ನ ವೀಸಾದಲ್ಲಿ ಇಟ್ಟುಕೊಳ್ಳುತ್ತೇನೆ, ತನ್ನ ಜೊತೆಗೇ ಇರಿ ಎಂದಳು. ಹೋಗುವುದೋ ಉಳಿಯುವುದೋ ಎನ್ನುವುದನ್ನು ಇವರು ಹೇಳಬೇಕಿತ್ತು.

"ಪಪ್ಪ, ಜಸ್ಟ್ ಯೆಸ್ ಆರ್ ನೋ. ಅಪ್ಲೈ ಮಾಡ್ಲಿಕ್ಕೆ ನಂಗೆ ಟೈಮ್ ಬೇಕಲ್ಲ" ಎಂದು ಅವಳು ಫೋನಿನಲ್ಲಿ ಕೇಳುತ್ತಾಳೆ.

"ನೋಡುವಾ" ಎನ್ನುತ್ತಾರೆ ಇವರು.

ಈ "ನೋಡುವಾ" ಇದೆಯಲ್ಲ, ಇದರ ಜೊತೆ ನಾನು ಸಂಸಾರ ಮಾಡಿದ್ದೇನೆ. ಮದುವೆಯಾದ ಹೊಸತರಲ್ಲಿ ಅದು ಒಪ್ಪಿಗೆ ಎಂದುಕೊಂಡಿದ್ದೆ. ಆಮೇಲೆ ಇಲ್ಲ ಎನ್ನುವುದರ ಮರ್ಯಾದಸ್ಥ ರೂಪ ಎಂದುಕೊಂಡೆ. ಎರಡೂ ಅಲ್ಲ, ಮಾತು ಅಲ್ಲಿಗೆ ನಿಲ್ಲಿಸುವ ಉಪಾಯ ಅಷ್ಟೆ. ನಾನು ನನ್ನ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಲಿಲ್ಲ, ನನಗೆ ಊರಿಗೆ ಹೋಗಬೇಕು ಎಂದೆ. ಅದಕ್ಕೂ "ನೋಡುವಾ". ಸಿಟ್ಟು ನೆತ್ತಿಗೇರಿ ನಾನು ಒಂದು ದಿನವಿಡೀ ಮುಖ ಊದಿಸಿಕೊಂಡು ಕೂತೆ, ಇವರು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಕೊನೆಗೆ ಮಗಳೇ ಟಿಕೆಟು ತೆಗೆದು ಕೈಗೆ ಕೊಟ್ಟಳು. ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ, ಚಳಿಗಾಲದಲ್ಲಿ ಗದ್ದಲವಿಲ್ಲ, ಸಮುದ್ರದ ಎದುರಿಗೇ ಹೋಟೆಲು.

"ನೋ ರಿಲೇಟಿವ್ಸ್, ನೋ ಗಿಫ್ಟ್ಸ್. ಒಂದ್ಸಲ ಟೂರಿಸ್ಟ್ ಆಗಿ ಹೋಗಿ. ಅಲ್ಲಿ ಕೂತು ಮಾತಾಡಿ ಡಿಸೈಡ್ ಮಾಡಿ ಬನ್ನಿ" ಎಂದಳು.

"ಲಗೇಜು ಎಷ್ಟು ಬಿಡ್ತಾರೆ?" ಎಂದು ಕೇಳಿದರು ಇವರು.

ತಲಾ ಮೂವತ್ತು ಕಿಲೋ ಎಂದು ಅವಳು ಹೇಳಿಬಿಟ್ಟಳು, ಅಲ್ಲೇ ತಪ್ಪಾಯಿತು.

ನನ್ನ ಪೆಟ್ಟಿಗೆಯನ್ನು ನಾನು ತುಂಬಿಕೊಂಡೆ: ನಾಲ್ಕು ಜೊತೆ ಬಟ್ಟೆ, ಸ್ವೆಟರು, ಒಂದು ಶಾಲು. ಇವರ ಪೆಟ್ಟಿಗೆಯ ಉಸಾಬರಿಗೆ ಹೋಗಲಿಲ್ಲ. ಪೆಟ್ಟಿಗೆ ಕಟ್ಟುವುದರಲ್ಲಿ ಇವರಿಗೆ ನಾನು ಹೇಳಿಕೊಡುವುದು ಎಂತ ಇದೆ? ಮೇಲೆ ಸ್ವೆಟರು ಕಾಣುತ್ತಿತ್ತು. ನಾನೂ ಅಷ್ಟಕ್ಕೆ ಬಿಟ್ಟೆ.

ಅಲ್ಲಿ ಇಳಿದಾಗ ಕಸ್ಟಮ್ಸಿನ ಅಧಿಕಾರಿಯೊಬ್ಬ ಇವರ ಪೆಟ್ಟಿಗೆಯನ್ನು ತೆರೆಯಲು ಹೇಳಿದ. ಸ್ವೆಟರು ಎತ್ತಿದರೆ ಕೆಳಗೆ ಹಾಲಿನ ಪುಡಿಯ ಡಬ್ಬಿಗಳು. ಅದರ ಪಕ್ಕದಲ್ಲಿ ಸೋಪಿನ ಕಟ್ಟು, ಮುಲಾಮಿನ ಸಣ್ಣ ಸಣ್ಣ ಬಾಟಲಿಗಳು, ಚಾಕಲೇಟು, ಬಾದಾಮಿ, ಎರಡು ಅತ್ತರು, ಒಂದು ಕಂಬಳಿ. ಎಲ್ಲಕ್ಕಿಂತ ಕೆಳಗೆ ಖರ್ಜೂರ. ಈಜಿಪ್ಟಿಗೆ ಖರ್ಜೂರ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಿಸ್ನೆಸ್?" ಎಂದ ಅಧಿಕಾರಿ.

"ಮಾಫಿ ಬಿಸ್ನೆಸ್" ಎಂದರು ಇವರು. ವ್ಯಾಪಾರ ಅಲ್ಲ. "ಹದಿಯಾ. ಗಿಫ್ಟ್."

"ಯಾರಿಗೆ?" ಎಂದು ಆತ ಇಂಗ್ಲಿಷಿನಲ್ಲಿ ಕೇಳಿದ.

ಇವರು ನನ್ನ ಕಡೆ ನೋಡಿದರು. ನನಗೂ ಅದೇ ಪ್ರಶ್ನೆ ಇತ್ತು, ಹಾಗಾಗಿ ನಾನು ಬೇರೆ ಕಡೆ ನೋಡಿದೆ. ಆ ಅಧಿಕಾರಿ ನಕ್ಕು, ಸ್ವೆಟರನ್ನು ಮೊದಲಿನ ಹಾಗೆಯೇ ಮೇಲೆ ಮುಚ್ಚಿ, ಹೋಗಿ ಎಂದು ಕೈ ಮಾಡಿದ.

ಹೋಟೆಲಿನ ಕೋಣೆಯ ಬಾಗಿಲು ಹಾಕಿದ ಮೇಲೆ ನಾನು ಬಿಡಲಿಲ್ಲ.

"ನಿಮಗೆ ತಲೆ ಸರಿ ಉಂಟಾ ಮಾರಾಯ್ರೆ? ಇಲ್ಲಿ ನಮಗೆ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಇದೆಲ್ಲ ಎಂತಕ್ಕೆ?"

ಇವರು ಮಂಚದ ಅಂಚಿನಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತ ಹೇಳಿದರು: "ಕೈ ಬೀಸಿಕೊಂಡು ವಿಮಾನ ಹತ್ತಿ ನನಗೆ ಅಭ್ಯಾಸ ಇಲ್ಲ. ತುಂಬ್ತಾ ಹೋದೆ. ಯಾರಾದ್ರೂ ಸಿಗ್ತಾರೆ ಅಂತ ಇತ್ತು."

ನನಗೆ ಬೈಯಬೇಕು ಎಂದಿತ್ತು, ನಗು ಬಂತು. ನಗುವಾಗಲೇ ಪಾಪ ಅನ್ನಿಸಿತು.

ಮಾರನೆಯ ದಿನದಿಂದ ನಾವು ಊರು ನೋಡಲು ಹೊರಟೆವು. ಸಮುದ್ರದ ಉದ್ದಕ್ಕೂ ಬಾಗುತ್ತ ಹೋಗುವ ದೊಡ್ಡ ರಸ್ತೆ, ಕಪ್ಪು ಹಳದಿ ಟ್ಯಾಕ್ಸಿಗಳು, ಉಪ್ಪುಗಾಳಿಗೆ ಬಣ್ಣ ಉದುರಿದ ಎತ್ತರದ ಹಳೆ ಮನೆಗಳು, ಅವುಗಳ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಅಬುಧಾಬಿಯಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಹಾಕುವ ಹಾಗಿಲ್ಲ, ಹಾಗಾಗಿ ನಾನು ಅಲ್ಲಿಯ ಹಳೆ ಕೋಟೆಗಿಂತ ಹೆಚ್ಚು ಆ ಬಟ್ಟೆಗಳನ್ನೇ ನೋಡಿದೆ. ಕೋಟೆಯನ್ನೂ ನೋಡಿದೆವು, ದೊಡ್ಡ ಲೈಬ್ರರಿಯ ಹೊರಗೆ ನಿಂತು ಫೋಟೋ ತೆಗೆಸಿಕೊಂಡೆವು. ಇವರ ಹೆಗಲಿಗೆ ಒಂದು ಬಟ್ಟೆಯ ಚೀಲ ಇದ್ದೇ ಇತ್ತು. ಅದರೊಳಗೆ ಸೋಪು, ಚಾಕಲೇಟು, ಹಾಲಿನ ಪುಡಿಯ ಒಂದು ಡಬ್ಬಿ. ಕೋಣೆ ಗುಡಿಸಲು ಬಂದ ಹೆಂಗಸಿಗೆ ಸೋಪು ಕೊಟ್ಟರು, ಆಕೆ ನನ್ನನ್ನು ಅಪ್ಪಿಕೊಂಡಳು. ಚಾ ಮಾರುವವನಿಗೆ ಚಾಕಲೇಟು ಕೊಡಲು ಹೋದರೆ ಅವನು ಚಾದ ದುಡ್ಡೇ ಬೇಕು ಎಂದ. ಆ ಹೊತ್ತಿನ ಇವರ ಮುಖವನ್ನು ನೋಡಬೇಕಿತ್ತು. ಕೊಟ್ಟದ್ದನ್ನು ಬೇಡ ಎಂದವರು ಊರಲ್ಲಿ ಯಾರೂ ಇರಲಿಲ್ಲ.

ಒಂದು ವಿಷಯ ಮಾತ್ರ ಇವರೇ ಕಂಡುಹಿಡಿದರು. "ಇಲ್ಲಿ ಉಬ್ಬರ ಇಳಿತ ಇಲ್ಲ ನೋಡು. ನಿನ್ನೆ ನೀರು ಎಲ್ಲಿತ್ತೋ ಇವತ್ತೂ ಅಲ್ಲೇ ಉಂಟು" ಎಂದರು. ನಿಜ. ನಮ್ಮೂರಿನ ಮಲ್ಪೆಯ ಕಡಲು ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ಇದು ಎಷ್ಟು ಹೊಡೆದುಕೊಂಡರೂ ಅದೇ ಗೆರೆಯಲ್ಲಿ ನಿಂತಿತ್ತು. ಅದನ್ನು ನೋಡುತ್ತ ಇಬ್ಬರೂ ದಡದಲ್ಲಿ ಕೂತೆವು. ನಾನು ಈಗ ಕೇಳಬಹುದು ಎಂದುಕೊಂಡು, "ಮಗಳಿಗೆ ಎಂತ ಹೇಳುದು?" ಎಂದೆ. "ನೋಡುವಾ" ಎಂದರು. ನಾನು ಎದ್ದು ಹೋಟೆಲಿಗೆ ಹೋದೆ.

ಮೂರನೆಯ ದಿನ ಒಬ್ಬರು ಮೇಷ್ಟ್ರು ಸಿಕ್ಕಿದರು. ಸಮುದ್ರದ ಕಟ್ಟೆಯ ಮೇಲೆ ಸಾಲಾಗಿ ಜನ ಗಾಳ ಹಾಕಿಕೊಂಡು ಕೂತಿರುತ್ತಾರೆ. ಅವರಲ್ಲಿ ಉಣ್ಣೆಯ ಟೋಪಿ ಹಾಕಿದ ಒಬ್ಬ ಮುದುಕರು, ಪಕ್ಕದಲ್ಲಿ ಫ್ಲಾಸ್ಕು ಹಿಡಿದ ಅವರ ಹೆಂಡತಿ. ಇವರು ಅವರ ಬುಟ್ಟಿಗೆ ಇಣುಕಿ, "ಸಮಕ್ ಮಾಫಿ?" ಎಂದರು. ಮೀನಿಲ್ಲವಾ ಎಂದು.

ಮುದುಕರು ತಿರುಗಿ ನೋಡಿದರು. "ಈ ಅರಬ್ಬಿಯನ್ನು ನೀವು ಖಲೀಜಿನಲ್ಲಿ ಕಲಿತದ್ದು" ಎಂದರು ಇಂಗ್ಲಿಷಿನಲ್ಲಿ. ಖಲೀಜ್ ಎಂದರೆ ನಮ್ಮ ಗಲ್ಫು. "ದುಬೈಯಾ?"

"ಅಬುಧಾಬಿ."

"ನಾನು ಅಲ್ಲೇ ಹತ್ತಿರ, ಅಲ್ ಐನ್. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ನನ್ನ ಪ್ರಾಯವೆಲ್ಲ ಅಲ್ಲೇ ಕಳೆಯಿತು" ಎಂದರು.

ಇವರು ಅಷ್ಟಕ್ಕೇ ಚೀಲಕ್ಕೆ ಕೈ ಹಾಕಿದರು. ನಾನು ಕಣ್ಣು ಕೆಂಪು ಮಾಡಿದೆ, ಇವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಾಲಿನ ಪುಡಿಯ ಡಬ್ಬಿಯನ್ನು ತೆಗೆದು ಮುಂದೆ ಹಿಡಿದರು.

ಮೇಷ್ಟ್ರು ಅದನ್ನು ನೋಡಿ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. ಹೆಂಡತಿಯನ್ನು ಕರೆದು ತೋರಿಸಿದರು, ಆಕೆಯೂ ತಲೆವಸ್ತ್ರದ ಅಂಚನ್ನು ಬಾಯಿಗೆ ಹಿಡಿದಳು. ಪ್ರತಿ ಬೇಸಿಗೆ ರಜೆಗೆ ಬರುವಾಗ ಇಂಥದೇ ಡಬ್ಬಿಗಳನ್ನು ಅವರೂ ತರುತ್ತಿದ್ದರಂತೆ. ಅಕ್ಕನ ಮನೆಗೆ ಒಂದು, ಭಾವನ ಮನೆಗೆ ಒಂದು. ಅದೇ ಹಾಲಿನ ಪುಡಿ ಅವರ ಮನೆಯ ಕೆಳಗಿನ ಅಂಗಡಿಯಲ್ಲೇ ಸಿಗುತ್ತಿತ್ತಂತೆ, ಆದರೂ ತರುತ್ತಿದ್ದರಂತೆ. "ನಮ್ಮಲ್ಲೂ ಸಿಗ್ತದೆ" ಎಂದು ಇವರು ಒಪ್ಪಿಕೊಂಡರು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಪ್ಪದ್ದನ್ನು ಯಾರೋ ಗುರುತಿಲ್ಲದವರ ಹತ್ತಿರ ಒಪ್ಪಿದರು.

ಫ್ಲಾಸ್ಕಿನಿಂದ ಚಾ ಬಂತು. ನಾಲ್ವರೂ ಕಟ್ಟೆಯ ಮೇಲೆ ಕೂತೆವು. ಆಮೇಲೆ ಇವರು ಕೇಳಿದರು. ಅರ್ಧ ಇಂಗ್ಲಿಷು, ಅರ್ಧ ಗಲ್ಫಿನ ಅರಬ್ಬಿ: "ಶುಗಲ್ ಖಲಾಸ್. ಕೆಲಸ ಮುಗೀತು. ಊರಿಗೆ ಬಂದ ಮೇಲೆ ಹೇಗೆ? ಕಷ್ಟವಾ?"

ನಾನು ಚಾದ ಲೋಟವನ್ನು ಹಾಗೇ ಹಿಡಿದುಕೊಂಡೆ. ಮಗಳಿಗೆ ಹೇಳದ, ನನಗೆ ಹೇಳದ ಮಾತು ಇಲ್ಲಿ ಹೊರಗೆ ಬಂದಿತ್ತು. ಇವರಿಗೆ ಹೆದರಿಕೆ ಇದೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಮೇಷ್ಟ್ರು ಗಾಳದ ದಾರವನ್ನು ಒಮ್ಮೆ ಎಳೆದು ಬಿಟ್ಟರು. "ಮೊದಲ ವರ್ಷ ಎಲ್ಲರೂ ಕೇಳಿದರು, ಯಾವಾಗ ವಾಪಸು ಎಂದು. ಹೋಗುವುದಿಲ್ಲ ಎಂದರೆ ನಂಬಲಿಲ್ಲ. ಆಮೇಲೆ ಕೇಳುವುದನ್ನೂ ಬಿಟ್ಟರು, ಮನೆಗೆ ಬರುವುದನ್ನೂ ಕಡಿಮೆ ಮಾಡಿದರು."

ಅವರ ಹೆಂಡತಿ ನಡುವೆ ಬಾಯಿ ಹಾಕಿ ಅರಬ್ಬಿಯಲ್ಲಿ ಏನೋ ಹೇಳಿದಳು. ಮೇಷ್ಟ್ರು ನಗುತ್ತ ನಮಗೆ ತಿಳಿಸಿದರು: "ಇವಳು ಹೇಳುತ್ತಾಳೆ, ನಾನು ನನ್ನ ಮನೆಯಲ್ಲೇ ನಿಂತು ಲೋಟ ಎಲ್ಲಿದೆ, ಚಮಚ ಎಲ್ಲಿದೆ ಎಂದು ಕೇಳುತ್ತಿದ್ದೆನಂತೆ. ಬಂದ ನೆಂಟನ ಹಾಗೆ."

"ಈಗ?" ಎಂದರು ಇವರು.

"ಈಗ ಅವಳು ನನ್ನನ್ನು ಕೇಳುತ್ತಾಳೆ, ಎಲ್ಲಿಟ್ಟೆ ಎಂದು. ಪಾತ್ರೆ ತೊಳೆಯುವವನು ನಾನೇ."

ಆಕೆಗೆ ಇಂಗ್ಲಿಷ್ ಬಾರದಿದ್ದರೂ ಮಾತು ಎಲ್ಲಿಗೆ ಬಂತು ಎಂದು ಗೊತ್ತಾಯಿತು. ನನ್ನ ಕಡೆ ನೋಡಿ ತಲೆ ಆಡಿಸಿದಳು, ಹೌದು ಹೌದು ಎಂದು.

ಹಿಂದಿರುಗುವಾಗ ಗಾಳಿ ಜೋರಾಗಿತ್ತು. ದಾರಿಯಲ್ಲಿ ಸುಟ್ಟ ಗೆಣಸು ಮಾರುವ ಗಾಡಿಯ ಹತ್ತಿರ ನಿಂತೆವು. ಗೆಣಸಿನ ಸಿಪ್ಪೆ ಸುಲಿಯುತ್ತ ಇವರು ಹೇಳಿದರು: "ಇಷ್ಟು ವರ್ಷ ನನ್ನ ಜೊತೆ ಬ್ಯಾಗು ಹೋಗ್ತಿತ್ತು. ಜನ ಬಾಗಿಲು ತೆಗಿತಿದ್ದರು. ಇನ್ನು ಬರೇ ನಾನು ಹೋಗ್ಬೇಕಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಎಂತ ಕೊಡುದು? ಎಂತ ಮಾತಾಡುದು?"

"ಯಾರ ಮನೆಗೂ ಹೋಗುದು ಬೇಡ" ಎಂದೆ ನಾನು. "ನಮ್ಮ ಮನೆಯಲ್ಲಿ ಇರಿ. ನನಗೆ ಎಂತದೂ ತರುದು ಬೇಡ. ನೀವು ಬಂದ್ರೆ ಸಾಕು."

ಇಷ್ಟು ಸರಳ ಮಾತನ್ನು ನಾವಿಬ್ಬರೂ ಬೇರೆ ಬೇರೆ ಪೆಟ್ಟಿಗೆಯೊಳಗೆ ಇಟ್ಟುಕೊಂಡು ಸಾಯುತ್ತಿದ್ದೆವಲ್ಲ ಎಂದು ನನಗೆ ಸಿಟ್ಟು ಬಂತು. ಇವರು ಅರ್ಧ ಗೆಣಸನ್ನು ನನ್ನ ಕೈಗೆ ಕೊಟ್ಟರು. ನೋಡುವಾ ಎನ್ನಲಿಲ್ಲ, ಆದರೆ ಹೂಂ ಎಂದೂ ಅನ್ನಲಿಲ್ಲ.

ಹೊರಡುವ ಹಿಂದಿನ ದಿನ ಅದೇ ಕಟ್ಟೆಗೆ ಹೋಗಿ ಕಂಬಳಿ, ಬಾದಾಮಿ, ಉಳಿದದ್ದೆಲ್ಲ ಮೇಷ್ಟ್ರಿಗೆ ಕೊಟ್ಟೆವು. ಖರ್ಜೂರ ಮಾತ್ರ ಅವರು ಮುಟ್ಟಲಿಲ್ಲ, ಅದನ್ನು ತಂದದ್ದಕ್ಕೆ ಇನ್ನೊಮ್ಮೆ ನಕ್ಕರು. ಅವರ ಹೆಂಡತಿ ನನಗೆ ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ ತಂದಿದ್ದಳು, ಕರಿಜೀರಿಗೆ ಹಾಕಿದ್ದು. ರಾತ್ರಿ ಇವರು ಕೊಕ್ಕೆಗೆ ಪೆಟ್ಟಿಗೆ ಸಿಕ್ಕಿಸಿ ಎತ್ತಿದರು. "ಹನ್ನೊಂದು ಕಿಲೋ" ಎಂದರು. ಬಾಕಿ ತುಂಬಿಸಲು ಏನಾದರೂ ಕೊಳ್ಳೋಣ ಎನ್ನುತ್ತಾರೆ ಎಂದು ನಾನು ಕಾದೆ. ಪೆಟ್ಟಿಗೆ ಇಳಿಸಿ ದೀಪ ಆರಿಸಿದರು.

ಅಬುಧಾಬಿಗೆ ಬಂದ ಮೇಲಿನ ಶನಿವಾರ ಮಗಳು ದುಬೈಯಿಂದ ಬಂದಳು. ನಾನು ಅನ್ನಕ್ಕೆ ಆ ಉಪ್ಪಿನಕಾಯಿ ಬಡಿಸಿದೆ. ಅವಳು ಅಪ್ಪನ ಮುಖ ನೋಡುತ್ತ, "ಸೋ?" ಎಂದಳು. ಅಷ್ಟರಲ್ಲಿ ಬೆಲ್ ಆಯಿತು. ಎದುರು ಮನೆಯ ಬ್ಯಾರಿ, ನಮ್ಮ ಕರಾವಳಿಯವರೇ, ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮರುದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟಿದ್ದರು.

"ಅಣ್ಣಾ, ತೂಕದ ಮಿಷನ್ ಉಂಟಾ?"

ಇವರು ಊಟದ ಕೈ ತೊಳೆದು ಕೊಕ್ಕೆ ತಂದರು. ಜೊತೆಗೆ ಹೊರಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅದನ್ನು ಅವರ ಕೈಗೆ ಕೊಟ್ಟು, "ನೀವೇ ಇಟ್ಕೊಳ್ಳಿ" ಎಂದರು.

"ಮತ್ತೆ ನಿಮಗೆ?"

"ಇನ್ನು ಎಂತಕ್ಕೆ? ನಾವು ಊರಿಗೆ ಹೋಗುದು. ವಾಪಸ್ ಬರ್ಲಿಕ್ಕಿಲ್ಲ."

ಬ್ಯಾರಿಯವರು ಕೊಕ್ಕೆಯನ್ನೂ ಇವರನ್ನೂ ನೋಡಿ, "ಆಯ್ತು ಅಣ್ಣ" ಎಂದು ಬಾಗಿಲು ಎಳೆದುಕೊಂಡು ಹೋದರು.

ನನಗೆ ಬೇಕಾದದ್ದೇ ಆಗಿತ್ತು. ಪೇಪರು ಬಿಚ್ಚಿದ ಪಾತ್ರೆಗಳು ನನ್ನ ಕಣ್ಣ ಮುಂದೆ ಬಂದವು. ಆದರೆ ಮಗಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು, ಅವಳನ್ನು ನೋಡುತ್ತ ನನಗೆ ಸಂತೋಷಪಡಲು ಆಗಲಿಲ್ಲ. ಅವಳು ಬೆರಳಿನಿಂದ ಅನ್ನದ ಅಗುಳುಗಳನ್ನು ಒಂದು ಕಡೆಗೆ ಒತ್ತಿದಳು. ಅಳು ಬಂದಾಗ ಮಾತ್ರ ಅವಳಿಗೆ ಪೂರಾ ಕನ್ನಡ ಬರುತ್ತದೆ.

"ಯಾವಾಗ ಹೋಗುದು?" ಎಂದು ಕೇಳಿದಳು.

"ಬರುವ ತಿಂಗಳು" ಎಂದರು ಇವರು.

"ಹಾಗಾದ್ರೆ ಇನ್ನು ನನ್ನ ಮನೆಗೆ ಬರುವಾಗ ನಿಮ್ಮಿಬ್ಬರಿಗೆ ಟೂರಿಸ್ಟ್ ವೀಸಾ ತೆಗಿಬೇಕು ನಾನು."

ಅವಳು ಹುಟ್ಟಿದ ಊರಿಗೆ, ನಮ್ಮ ಕೂದಲು ಹಣ್ಣಾದ ಊರಿಗೆ, ಫೋಟೋ ತೆಗೆಸಿಕೊಂಡು ಹೋಗುವವರ ಸಾಲಿನಲ್ಲಿ ನಿಂತು ನಾವು ಬರಬೇಕು. ಇವರು ಎದ್ದು ಮಗಳ ತಲೆಯ ಮೇಲೆ ಕೈ ಇಟ್ಟರು.

"ಆ ವೀಸಾದಲ್ಲಿ ಬರುವಾಗ್ಲೂ ಮೂವತ್ತು ಕಿಲೋ ಬಿಡ್ತಾರಾ?" ಎಂದು ಕೇಳಿದರು.

"ಬಿಡ್ತಾರೆ ಪಪ್ಪ."

ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಎದುರು ಮನೆಯ ಬೆಲ್ ಒತ್ತಿದ್ದು ಕೇಳಿಸಿತು, ಬಾಗಿಲು ತೆರೆದದ್ದು ಕೇಳಿಸಿತು. ಆಮೇಲೆ ಇವರ ಧ್ವನಿ.

"ಆ ಕೊಕ್ಕೆ ಒಮ್ಮೆ ವಾಪಸ್ ಕೊಡಿ ಮಾರಾಯ್ರೆ. ಮಗಳ ಮನೆಗೆ ಬರ್ಲಿಕ್ಕುಂಟು."